ಕುದುರೆಯ ಗೊರಸಿನ ಕೆಳಗಿನ ಸಹಿ

ಯಾರಾದರೂ ಎದುರಿಗೆ ಬಂದು ಕೂತರೆ ನನ್ನ ಕಣ್ಣು ಮೊದಲು ಅವರ ಕಿವಿಗೆ ಹೋಗುತ್ತದೆ. ಹೋದ ತಿಂಗಳು ಬಂದಿದ್ದ ಬೀಗರೊಬ್ಬರು ತಮ್ಮ ಕಿವಿಗೆ ಏನೋ ಮೆತ್ತಿದೆ ಎಂದು ತಿಳಿದು ಊಟದ ನಡುವೆ ಎದ್ದು ಕನ್ನಡಿ ನೋಡಿಕೊಂಡು ಬಂದರು. ಅವರ ಕಿವಿಯಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ನನ್ನ ಟ್ರಂಕಿನಲ್ಲಿರುವ ಹಳೆಯ ಕಾಮಿಕ್ಸ್ ಪುಸ್ತಕಗಳಲ್ಲಿ. ಕಥೆ ಬರೆದವರ ಹೆಸರು ಅವುಗಳಲ್ಲಿದೆ, ಅಚ್ಚು ಹಾಕಿದವರ ಹೆಸರಿದೆ, ಹಿಂಬದಿಯಲ್ಲಿ ಹಲ್ಲುಪುಡಿಯ ಹೆಸರಂತೂ ಗೇಣುದ್ದ ಇದೆ. ಮುಖಪುಟದಲ್ಲಿ ಹುಲಿಯ ಬಾಯಿಗೆ ಕೈ ಹಾಕಿದ ರಾಜಕುಮಾರನನ್ನು ಬರೆದ ಮಹರಾಯ ಮಾತ್ರ ನಾಪತ್ತೆ.

ಯುರೋಪಿನಲ್ಲಿ ಹಿಂದೆ ಒಬ್ಬ ಪಂಡಿತ ಕಿವಿ, ಉಗುರು ನೋಡಿಯೇ ಹಳೆಯ ಚಿತ್ರಗಳನ್ನು ಬರೆದವರು ಇಂಥವರೇ ಎಂದು ಹೇಳುತ್ತಿದ್ದನಂತೆ. ಮುಖವನ್ನು ಎಲ್ಲರೂ ಕಾಳಜಿಯಿಂದ ಬರೆಯುತ್ತಾರೆ, ಕಿವಿಯ ಹತ್ತಿರ ಬಂದಾಗ ಕೈ ತನ್ನ ಚಾಳಿಗೆ ಬೀಳುತ್ತದೆ ಎಂಬುದು ಅವನ ವಾದ. ಇದನ್ನು ಓದಿದ ದಿನವೇ ನಮ್ಮೂರು ರೋಣದಲ್ಲಿ ನಾನೂ ಪಂಡಿತನಾದೆ. ಆಯುಷ್ಯವೆಲ್ಲ ಹೈಸ್ಕೂಲಿನ ಮಕ್ಕಳಿಗೆ ಕೊಡ, ಮಾವಿನಕಾಯಿ, ಎರಡು ಗುಡ್ಡದ ನಡುವಿನ ಸೂರ್ಯ ಇಷ್ಟನ್ನೇ ಕಲಿಸಿ ನಿವೃತ್ತನಾದ ಡ್ರಾಯಿಂಗ್ ಮಾಸ್ತರನಿಗೆ ಬೇರೆ ಕೆಲಸವಾದರೂ ಏನಿತ್ತು? ನನ್ನಂತೆಯೇ ಹಾಳಾದವರು ಇನ್ನಿಬ್ಬರು ಸಿಕ್ಕರು. ನರಗುಂದದಲ್ಲಿ ಸೈಕಲ್ ಅಂಗಡಿಯ ಖಾದರಸಾಬ, ಗಜೇಂದ್ರಗಡದಲ್ಲಿ ಅರಿವೆ-ಬಟ್ಟೆಯ ಅಂಗಡಿಯ ಅಂದಾನೆಪ್ಪ. ಮೂವರೂ ಫೋನಿನಲ್ಲಿ ಮುಖಪುಟಗಳ ಫೋಟೋ ಕಳಿಸಿಕೊಂಡು, ರಾಜಕುಮಾರರ ಕಿವಿಗಳ ಬಗ್ಗೆ ಹೊಲದ ಬದುವಿಗೆ ಜಗಳಾಡುವಂತೆ ಜಗಳಾಡುತ್ತೇವೆ.

ನನ್ನ ಹೆಂಡತಿ ಗಿರಿಜಾಳಿಗೆ ಈ ವಿದ್ಯೆಯ ಮೇಲೆ ಕಿಂಚಿತ್ತೂ ಗೌರವವಿಲ್ಲ. "ಕುದುರಿ ಬರದಾಂವ ಯಾವನರ ಆಗವಲ್ಲನ್ಯಾಕ, ನೀವು ಲಗೂನ ಹಾಲ ತಗೊಂಡ ಬರ್ರಿ" ಎನ್ನುತ್ತಾಳೆ.

ಅವಳು ಹೇಳುವ ಆ ಕುದುರೆ ಬರೀ ಕುದುರೆಯಲ್ಲ. ಒಂದು ಮುಖಪುಟದ ಮೇಲಿನ ಬಿಳಿಯ ಕುದುರೆ, ಮುಂಗಾಲು ಎತ್ತಿ ಪುಸ್ತಕದಿಂದ ಹೊರಗೆ ಹಾರಲು ನಿಂತಿದೆ. ಅದನ್ನು ನೋಡಿಯೇ ಸಣ್ಣವನಿದ್ದಾಗ ನಾನು ಪೆನ್ಸಿಲ್ ಹಿಡಿದದ್ದು. ಅದರಂಥ ಇನ್ನೊಂದನ್ನು ಬರೆಯಲು ಹೋಗಿ, ಪ್ರತಿ ಸಲವೂ ಕತ್ತೆ ಬರೆದು, ಕೊನೆಗೆ ಮಾಸ್ತರನಾದೆ. ಅದನ್ನು ಬರೆದವನಿಗೆ ಒಂದು ಹೆಸರು ಕೊಡದೆ ಸಾಯಬಾರದು ಎಂದು ನನಗೆ ಖರೇ ಅನಿಸುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ, ಭೂತಗನ್ನಡಿ ಹಿಡಿದು ಕೂತವನಿಗೆ ಕುದುರೆಯ ಗೊರಸಿನ ಕೆಳಗೆ ಕರಿ ಮಸಿಯ ಎರಡು ಅಕ್ಷರ ಕಂಡವು. ರೋಣ. 'ಣ'ದ ಬಾಲವನ್ನು ಬರೆದವನು ಠೀವಿಯಿಂದ ಕೆಳಗೆ ಎಳೆದಿದ್ದ. ಗಡಬಡಿಸಿ ಟ್ರಂಕು ತೆಗೆದೆ. ಉಳಿದ ಪುಸ್ತಕಗಳ ಮೂಲೆಯಲ್ಲೂ ಅದೇ ಬಾಲ! ಇಷ್ಟು ದಿನ ಧೂಳು, ಎಣ್ಣೆಕಲೆ ಎಂದುಕೊಂಡಿದ್ದೆನಲ್ಲ, ನನ್ನ ಪಾಂಡಿತ್ಯಕ್ಕಿಷ್ಟು ಬೆಂಕಿ ಹಾಕ!

ಇದು ಸಹಿ ಎನ್ನುವುದರಲ್ಲಿ ನಮ್ಮ ಕಡೆಯವರಿಗೆ ಸಂಶಯ ಬರುವುದೇ ಇಲ್ಲ. ನಮ್ಮಲ್ಲಿ ಊರೇ ಅಡ್ಡಹೆಸರು. ಕೊಣ್ಣೂರ ಎಂಬ ಅಡ್ಡಹೆಸರಿನವನು ಆ ಊರಿನ ಪಕ್ಕದ ಮಲಪ್ರಭೆ ಹೊಳೆಯನ್ನೇ ಕಂಡಿರುವುದಿಲ್ಲ. ಅಬ್ಬಿಗೇರಿಯವರು ಅಜ್ಜನ ಕಾಲಕ್ಕೇ ಅಬ್ಬಿಗೇರಿ ಬಿಟ್ಟಿರುತ್ತಾರೆ. ಊರಲ್ಲೇ ಇದ್ದವನಿಗೆ ಊರಿನ ಹೆಸರು ಅಂಟುವುದಿಲ್ಲ, ಬಿಟ್ಟು ಹೋದವನಿಗೇ ಅದು ಬೆನ್ನು ಹತ್ತುವುದು. ಅಂದಮೇಲೆ ಈ ರೋಣನೂ ಊರು ಬಿಟ್ಟವನೇ. ಅಪ್ಪನೊಡನೆ ಜಗಳಾಡಿ ಮುಂಬೈಗೆ ಓಡಿದವನು. ಹೊಟ್ಟೆಗಿಲ್ಲದಿದ್ದರೂ ಕುಂಚ ಬಿಡದವನು. ಸಂಜೆಯಾಗುವುದರೊಳಗೆ ಅವನಿಗೊಂದು ಜೀವನ ಚರಿತ್ರೆಯೇ ತಯಾರಾಯಿತು. ಸಹಿ ಸಿಕ್ಕ ಮೇಲೆ ಕಿವಿ ಯಾರಿಗೆ ಬೇಕು?

ಊರಲ್ಲಿ ಸುದ್ದಿ ಹಬ್ಬಿತು. ವಾಚನಾಲಯದವರು ಒಂದು ಸಮಾರಂಭವನ್ನೇ ಇಟ್ಟರು. ಕಲಾವಿದ ಸಿಕ್ಕಿಲ್ಲವಾದ್ದರಿಂದ ಮುಖಪುಟವನ್ನೇ ದೊಡ್ಡದು ಮಾಡಿಸಿ ಅದಕ್ಕೆ ಹಾರ ಹಾಕುವುದು, ನಾನು ಭಾಷಣ ಮಾಡುವುದು ಎಂದು ಠರಾವಾಯಿತು. ನಮ್ಮಲ್ಲಿ ಸನ್ಮಾನಕ್ಕೆ ಮನುಷ್ಯ ಬೇಕೇಬೇಕು ಎಂದೇನಿಲ್ಲ, ಹಾರ ಇದ್ದರೆ ಸಾಕು. ನಾನು ಉಬ್ಬಿ ಹೋಗಿ ಸಹಿಯ ಫೋಟೋವನ್ನು ಗೆಳೆಯರಿಬ್ಬರಿಗೂ ಕಳಿಸಿದೆ.

ಖಾದರಸಾಬ ಕೂಡಲೇ ಫೋನ್ ಮಾಡಿದ. "ಮಾಸ್ತರ, ಭಾಳ ಚಲೋ ಆತ್ರಿ. ಆದ್ರ ಒಂದ ಸಣ್ಣ ತ್ರಾಸ ಐತ್ರಿ. ನನ್ನ ಪುಸ್ತಕದಾಗ ಅದ ಕುದುರಿ ಕಾಲಾಗ 'ನರಗುಂದ' ಅಂತ ಬರದೈತಿ."

"ಖೊಟ್ಟಿ ಇರಬೇಕು ನೋಡೋ" ಎಂದೆ.

"ಯಾಕ್ರಿ? ರೋಣದಾಗ ಇದ್ರ ಸಹಿ, ನರಗುಂದದಾಗ ಇದ್ರ ಖೊಟ್ಟಿ?" ಅವನಿಗೆ ಸಿಟ್ಟೇ ಬಂತು.

ಸಮಾರಂಭದ ದಿನ ಮಧ್ಯಾಹ್ನ ಇಬ್ಬರೂ ತಮ್ಮ ತಮ್ಮ ಪ್ರತಿ ಹಿಡಿದು ನಮ್ಮ ಮನೆಗೆ ಬಂದರು. ಅಂದಾನೆಪ್ಪನ ಪ್ರತಿಯಲ್ಲಿ ಗಜೇಂದ್ರಗಡವನ್ನು ಚಿಕ್ಕದು ಮಾಡಿ 'ಗ.ಗಡ' ಎಂದಿತ್ತು. ಮೂರನ್ನೂ ಸಾಲಾಗಿ ಇಟ್ಟೆವು. ಅದೇ ಕರಿ ಮಸಿ, ಅದೇ ಕೈ. ಒಬ್ಬನೇ ಮನುಷ್ಯ ಒಂದೇ ಕುದುರೆಯ ಕೆಳಗೆ ಮೂರು ಊರು ಬರೆದಿದ್ದ. ಮೊದಲು ನಕ್ಕವನು ಅಂದಾನೆಪ್ಪ.

"ನಮ್ಮ ಅಂಗಡಿಗಿ ಬರೂ ಅರಿವಿ ಗಂಟಿನ ಮ್ಯಾಲೂ ಹಿಂಗ ಬರದಿರ್ತಾರಲ್ರಿ! ಇದು ಸಹಿ ಅಲ್ಲ, ಪಾರ್ಸಲ್ ಮ್ಯಾಲಿಂದು!"

ನಿಜ. ಆಗ ಪುಸ್ತಕಗಳು ಕಟ್ಟುಕಟ್ಟಾಗಿ ಬಸ್ಸಿನಲ್ಲಿ ಬರುತ್ತಿದ್ದವು. ಸುತ್ತಲು ಕಾಗದವೂ ಇಲ್ಲದೆ ಬರೀ ಸುತಳಿ ಬಿಗಿದು, ಮೇಲಿನ ಪುಸ್ತಕದ ಮೂಲೆಯಲ್ಲೇ ಇಳಿಸಬೇಕಾದ ಊರನ್ನು ಬರೆದು ಕಳಿಸುತ್ತಿದ್ದರು. ನಾನು ಮುಂಬೈಗೆ ಓಡಿಸಿ, ಉಪವಾಸ ಕೆಡವಿ, ಕಣ್ಣೀರು ಹಾಕಿಸಿದ ನನ್ನ ರೋಣ ಅಲ್ಲಿಗೆ ತೀರಿಹೋದ. ನಗಬೇಕೆಂದು ಬಾಯಿ ತೆರೆದೆ, ನಗು ಬರಲಿಲ್ಲ. ಮನೆಯವರೇ ಯಾರೋ ಹೋದಂತೆ ಸಂಕಟವಾಯಿತು.

ಸಂಜೆ ವೇದಿಕೆಯ ಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಜನ ಚಪ್ಪಾಳೆ ತಟ್ಟಿ ನಕ್ಕರು. ಹಾರ ಹಿಡಿದು ನಿಂತಿದ್ದ ವಾಚನಾಲಯದ ಅಧ್ಯಕ್ಷರು ಮಾತ್ರ ನಗಲಿಲ್ಲ. "ಹಂಗಾರ ಇದನ್ನ ಯಾರಿಗಿ ಹಾಕೂದ್ರಿ?" ಎಂದರು.

ಆಗ ಖಾದರಸಾಬ ಕೂತಲ್ಲಿಂದ ಎದ್ದ. "ಮಾಸ್ತರ, ಒಂದ ಮಾತು. ಊರ ಹೆಸರ ಇರೂದು ಗಂಟಿನ ಮ್ಯಾಲಿನ ಪುಸ್ತಕಕ್ಕ ಅಷ್ಟ. ಅದು ನಮ್ಮ ಮೂರೂ ಮಂದಿ ಕೈಗೆ ಹ್ಯಾಂಗ ಬಂತ್ರಿ?"

ನನಗೆ ಬಸ್ ಸ್ಟ್ಯಾಂಡಿನ ಧೂಳು ನೆನಪಾಯಿತು. ಸಣ್ಣವನಿದ್ದಾಗ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಅದರ ಹಿಂದೆ ಓಡಿ, ಏಜೆಂಟ್ ಸುತಳಿ ಕೊಯ್ಯುತ್ತಲೇ ಎಲ್ಲರಿಗಿಂತ ಮೊದಲು ಕೈ ಹಾಕಿ, ಮೇಲಿನದನ್ನೇ ಕಸಿದುಕೊಂಡು ಓದುತ್ತ ಮನೆಗೆ ನಡೆದದ್ದು ನಾನೇ. ನರಗುಂದದಲ್ಲಿ ಖಾದರಸಾಬ, ಗಜೇಂದ್ರಗಡದಲ್ಲಿ ಅಂದಾನೆಪ್ಪ.

"ಹಾರ ಕುದುರಿಗೇ ಹಾಕ್ರಿ," ಎಂದ ಖಾದರಸಾಬ. "ಅದರ ಹಿಂದ ಮೂರ ಊರ ಓಡ್ಯಾವು."

ಹಾಕಿದೆವು. ಎಲ್ಲರೂ ಚಹಾ ಕುಡಿಯಲು ಹೋದ ಮೇಲೂ ಗಿರಿಜಾ ಆ ದೊಡ್ಡ ಚಿತ್ರದ ಮುಂದೆ ನಿಂತೇ ಇದ್ದಳು. "ಏನ ಬರದಾನ್ರಿ ಪುಣ್ಯಾತ್ಮ! ಆ ಕಿವಿ ನೋಡ್ರಿ, ಈಗ ಅಲುಗಾಡ್ತಾವೇನೊ ಅನಸ್ತದ" ಎಂದಳು.

ಸಹಿಯ ಗದ್ದಲದಲ್ಲಿ ನಾನು ಆ ಕಿವಿಗಳನ್ನು ನೋಡಿಯೇ ಇರಲಿಲ್ಲ.