ಕಂಪ್ಲಿ ದಾರಿಯ ನಿದ್ದೆ

ನಮ್ಮ ಯಜಮಾನರಿಗೆ ಮಲಗಿ ನಿದ್ದೆ ಮಾಡುವ ಭಾಗ್ಯ ತಪ್ಪಿ ಬಹಳ ದಿನವಾಗಿತ್ತು. ಅಡ್ಡಾದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ದಿಂಬು ಕೊಟ್ಟು, ಕೂತಲ್ಲೇ ತೂಕಡಿಸಿ ಬೆಳಗು ಮಾಡುತ್ತಿದ್ದರು. ಸಂಡೂರಿನ ಗಣಿಗಳಿಂದ ಅದಿರು ಹೊತ್ತ ಲಾರಿ ಓಡಿಸಿ ಎದೆಯೊಳಗೆ ಧೂಳು ಕೂತಿತ್ತು. ಆಮೇಲೆ ಸ್ವಂತ ವ್ಯಾನು ತೆಗೆದುಕೊಂಡು ಹಂಪಿ ನೋಡಲು ಬಂದವರನ್ನು ಸುತ್ತಿಸಿದರು. ಕೂತ ಧೂಳು ಮಾತ್ರ ಏಳಲಿಲ್ಲ. ಕೊನೆಗೆ ಡಾಕ್ಟರು, "ಮನೆಗೆ ಕರ್ಕೊಂಡು ಹೋಗಿ, ಕೇಳಿದ್ದು ಕೊಡಿ" ಎಂದರು. ಅವರು ಕೇಳಿದ್ದು ರಸ್ತೆ.

"ಸಂಡೂರು, ತೋರಣಗಲ್ಲು, ದರೋಜಿ, ಕಂಪ್ಲಿ. ಅಲ್ಲಿ ಹೊಳಿ ದಂಡ್ಯಾಗ ಒಂದು ಚಾ. ಹಂಪಿ ಮ್ಯಾಲೆ ಹಾದು ಹೊಳ್ಳಿ ನಮ್ಮ ಹೊಸಪೇಟೆಗೆ. ಒಂದು ಸುತ್ತು ಹಾಕಿಸು ಮಾರಾಯ್ತಿ, ಆಮ್ಯಾಲೆ ಏನೂ ಕೇಳೂದಿಲ್ಲ."

ಒರಗದೆ ಕೂಡುವುದಕ್ಕೇ ಆಗದವರನ್ನು ದಿನವಿಡೀ ಹೇಗೆ ತಿರುಗಿಸುವುದು? ಉಪಾಯವನ್ನೂ ಅವರೇ ಹೇಳಿದರು. ಹಂಪಿಗೆ ಒಮ್ಮೆ ಪರದೇಶದ ಗಂಡ ಹೆಂಡತಿ ವ್ಯಾನಿನಲ್ಲಿ ಬಂದಿದ್ದರಂತೆ. ಒಳಗೇ ಹಾಸಿಗೆ, ಒಳಗೇ ಒಲೆ. ಆಗ ನಮ್ಮವರು, "ಪಾಪ, ಇವ್ರಿಗೆ ಮನಿ ಇಲ್ಲೇನ?" ಎಂದು ನಕ್ಕಿದ್ದರಂತೆ. ಈಗ ನಮ್ಮ ವ್ಯಾನಿನ ಸೀಟು ಬಿಚ್ಚಿಸಿ ಮಂಚ ಹಾಕಿಸಿದರು. ಸಣ್ಣ ಗ್ಯಾಸಿನ ಒಲೆ, ನೀರಿನ ಕ್ಯಾನು, ಆಕ್ಸಿಜನ್ ಸಿಲಿಂಡರು. ದೇವರ ಪಟ ನಾನು ಅಂಟಿಸಿದೆ. ಓಡಿಸಲು ನನ್ನ ತಮ್ಮ ಬಂದ.

ನನಗೂ ಒಂದು ಆಸೆಯಿತ್ತು. ಅವರು ಮೊದಲ ಸಲ ಆಸ್ಪತ್ರೆ ಸೇರಿದಾಗ ಸಂಡೂರಿನ ಕುಮಾರಸ್ವಾಮಿಗೆ ಹರಕೆ ಹೊತ್ತಿದ್ದೆ: ಗುಣವಾಗಿ ಬಂದರೆ ಅವರ ಕೈಯಿಂದಲೇ ಜೋಡುಗಾಯಿ ಒಡೆಸುತ್ತೇನೆ ಎಂದು. ಆ ಸಲ ಎದ್ದು ಬಂದರು, ಹರಕೆ ಹಾಗೇ ಉಳಿದಿತ್ತು. ತಾಯಿಯ ಮೇಲೆ ಮುನಿಸಿಕೊಂಡು ಬಂದು ಬೆಟ್ಟದಲ್ಲಿ ಕೂತ ದೇವರು ಅದು. ನಮ್ಮ ಮನೆಯ ಹೆಂಗಸರು ಆ ಗುಡಿಯೊಳಗೆ ಕಾಲಿಡುವುದಿಲ್ಲ. ಪಕ್ಕದ ಪಾರ್ವತಿಗೆ ಕೈಮುಗಿದು ಬರುತ್ತೇವೆ. ಹೊತ್ತವಳು ನಾನು, ತೀರಿಸಬೇಕಾದವರು ಅವರು. ಅದಕ್ಕೇ ಮೊದಲು ಬೆಟ್ಟ, ಆಮೇಲೆ ಅವರ ರಸ್ತೆ ಎಂದು ಮಾತಾಯಿತು.

ಸಿಲಿಂಡರು ತುಂಬಿಸಿಕೊಟ್ಟವನು ಸಣ್ಣಗೆ ಬಿಟ್ಟರೆ ಸಂಜೆತನಕ ಬರುತ್ತದೆ, ಜೋರು ಬಿಟ್ಟರೆ ನಡುದಾರಿಯಲ್ಲೇ ಮುಗಿಯುತ್ತದೆ ಎಂದು ಹೇಳಿ ಕಳಿಸಿದ್ದ.

ಮಳೆ ಹೊಳವಾಗಿತ್ತು, ಅದೊಂದು ಪುಣ್ಯ. ಊರು ದಾಟುವುದರೊಳಗೆ ಮಂಚದ ಮೇಲಿಂದ ಶುರುವಾಯಿತು.

"ಲೇ ಭಾವಮೈದುನ, ಅದು ಗೇರೋ, ರೊಟ್ಟಿ ಬಡಿಯೋ ಕೊಣಮಿಗಿನೋ?"

"ಸುಮ್ನ ಮಲ್ಕೊಳ್ರಿ ಮಾವ. ಪ್ಯಾಸೆಂಜರ್ ಮಾತಾಡಬಾರದು."

"ಪ್ಯಾಸೆಂಜರ್ ಅಲ್ಲಲೇ, ಓನರ್ ನಾನು. ಮುಂದ ತಿರುವೈತಿ, ಹಾರ್ನ್ ಹಾಕು."

ಮಂಚದ ಮೇಲೆ ದಿಂಬಿಗೆ ಒರಗಿದ್ದ ಅವರಿಗೆ ಕಿಟಕಿಯೂ ಕಾಣುತ್ತಿರಲಿಲ್ಲ. ಬೆನ್ನಿಗೆ ತಾಗುವ ಕುಲುಕಾಟದಲ್ಲೇ ಊರು ಹೇಳುತ್ತಿದ್ದರು. ದಾರಿಯ ಚಹಾದಂಗಡಿಯವನು ಗುರುತು ಹಿಡಿದು ಲೋಟವನ್ನು ವ್ಯಾನಿಗೇ ತಂದುಕೊಟ್ಟ. ಅದನ್ನೂ ನಾನು ಪುಣ್ಯದ ಲೆಕ್ಕಕ್ಕೇ ಹಾಕಿಕೊಂಡೆ.

ಬೆಟ್ಟದ ಮೇಲೆ ಗುಡಿಯ ಹತ್ತಿರವೇ ವ್ಯಾನು ನಿಂತಿತು. ತಮ್ಮ ಅವರನ್ನು ತಬ್ಬಿ ಇಳಿಸಿದ. ನಾಲ್ಕು ಹೆಜ್ಜೆಗೆ ತುಟಿ ನೀಲಿಯಾಯಿತು. ವಾಪಸ್ಸು ಮಂಚಕ್ಕೆ ಹಾಕಿ ಆಕ್ಸಿಜನ್ ಜೋರು ಬಿಟ್ಟೆವು. ಉಸಿರು ಹಾದಿಗೆ ಬರುವಷ್ಟರಲ್ಲಿ ಸಿಲಿಂಡರಿನ ಮೀಟರಿನ ಮುಳ್ಳು ಬಹಳ ಕೆಳಗೆ ಹೋಗಿತ್ತು. ಅವರೂ ಅದನ್ನು ನೋಡಿದರು.

"ಇನ್ನೊಂದ್ ಸಲ ಎತ್ರಿ. ಹೊತ್ಕೊಂಡರ ಒಯ್ರಿ. ಆಕಿ ಹರಕಿ ಐತಿ."

ಮತ್ತೆ ಎತ್ತಿದರೆ ಗುಡಿ ಮುಟ್ಟುತ್ತಿದ್ದರೇನೋ. ಕಂಪ್ಲಿ ಮುಟ್ಟುತ್ತಿರಲಿಲ್ಲ.

"ಬ್ಯಾಡ," ಎಂದೆ. "ಗಾಡಿ ತಿರುಗಿಸ್ತಾನ ಅವ. ನೀವು ಮಲ್ಕೊಳ್ರಿ."

"ದೇವರು ಸಿಟ್ಟಾದರ?"

"ಆಗಲಿ. ಸಿಟ್ಟಾಗೂದು ಅವಗೇನು ಹೊಸದಾ?"

ಅವರಿಗೆ ನಗು ಬಂತು, ನಗುವುದಕ್ಕೆ ಉಸಿರು ಸಾಲಲಿಲ್ಲ. ನಾನು ಜೋಡುಗಾಯಿ ಹಿಡಿದು ಪಾರ್ವತಿಯ ಗುಡಿಗೆ ಹೋದೆ. ಮೂರ್ತಿಯ ಮುಂದೆ ಬಾಯಿ ಬಿಟ್ಟೇ ಹೇಳಿದೆ: "ತಾಯಿ, ನಿನ್ನ ಮಗನಿಗೆ ನೀನೇ ತಿಳಿಸಿ ಹೇಳು. ನನ್ನ ಕೈಲಾಗಲಿಲ್ಲ." ಕಾಯಿ ಅಲ್ಲೇ ಇಟ್ಟು ಬಂದೆ.

ತೋರಣಗಲ್ಲು ದಾಟಿ ದರೋಜಿಯ ಕಡೆ ಹೊರಳಿದೆವು. ಬಂಡೆಗುಡ್ಡಗಳ ನಡುವಿನ ಆ ಹಾದಿಯಲ್ಲಿ ಮಂಚದ ಮೇಲಿನ ಮಾತು ನಿಂತಿತು. ಗಾಬರಿಯಾಗಿ ತಿರುಗಿ ನೋಡಿದರೆ ಅಡ್ಡಾಗಿ ಮಲಗಿದ್ದಾರೆ, ದಿಂಬು ಜಾರಿದೆ, ಎದೆ ಮೆಲ್ಲಗೆ ಏಳುತ್ತಿದೆ ಇಳಿಯುತ್ತಿದೆ. ನಿದ್ದೆ. ಒಂದು ದೇವರನ್ನೂ ಬಿಡದೆ ನಾನು ಬೇಡಿಕೊಂಡಿದ್ದ ನಿದ್ದೆ.

ಕಂಪ್ಲಿಯಲ್ಲಿ ತಮ್ಮ ಸೇತುವೆಯ ಹತ್ತಿರ ಹೊಳೆದಂಡೆಗೆ ನಿಲ್ಲಿಸಿ, ಕೀಲಿಗೆ ಕೈ ಹಾಕಿದ.

"ಆಫ್ ಮಾಡಬ್ಯಾಡ," ಎಂದು ಸನ್ನೆ ಮಾಡಿದೆ. ಲಾರಿಯವರ ನಿದ್ದೆ ಅದು. ಇಂಜಿನ್ ನಿಂತರೆ ಎಚ್ಚರವಾಗುತ್ತದೆ.

"ಎಬ್ಬಿಸಕ್ಕಾ. ಇದಕ್ಕ ಅಲ್ಲೇನು ಬಂದಿದ್ದು?" ಎಂದ ಪಿಸುಮಾತಿನಲ್ಲಿ.

ಅವರ ಭುಜದತ್ತ ಕೈ ಒಯ್ದೆ. ಬಾಯಿ ಸ್ವಲ್ಪ ತೆರೆದಿತ್ತು. ಹುಬ್ಬಿನ ನಡುವಿನ ಗಂಟು ಬಿಚ್ಚಿತ್ತು. ಎಬ್ಬಿಸಿದರೆ ಒಂದು ಲೋಟ ಚಹಾ, ಒಂದು ಹೊಳೆ. ಆಮೇಲೆ ಮತ್ತೆ ಆ ಗೋಡೆ, ಆ ದಿಂಬು. ಕೈ ಹಿಂದಕ್ಕೆ ತೆಗೆದೆ. ಇಂಜಿನ್ ಗುರುಗುಟ್ಟುತ್ತಲೇ ಇತ್ತು. ಮುಳ್ಳು ಇನ್ನೂ ಇಳಿಯಿತು. "ನಡಿ," ಎಂದೆ.

ಕಮಲಾಪುರವೂ ಹಿಂದಾಯಿತು. ಮಲಪನಗುಡಿಯ ಹತ್ತಿರ ಕುರಿಹಿಂಡು ಅಡ್ಡ ಬಂದು ವ್ಯಾನು ಗಕ್ಕನೆ ನಿಂತಿತು, ಇಂಜಿನ್ನೂ ನಿಂತಿತು. ಅವರು ಕಣ್ಣು ಬಿಟ್ಟರು.

"ಕಂಪ್ಲಿ ಬಂತೇನ?"

ಜಾರಿದ್ದ ದಿಂಬನ್ನು ಎತ್ತಿ ಅವರ ಬೆನ್ನಿಗೆ ಕೊಟ್ಟೆ.

"ದಾಟಿ ಬಂದ್ವಿ," ಎಂದೆ. "ನಿದ್ದಿ ಹತ್ತಿತ್ತು ನಿಮಗ. ಭಾಳ ದಿನದ ಮ್ಯಾಲೆ."

"ಹೊಳ್ಳಿ ಹೋಗೂಣು."

ನಾನು ಮುಳ್ಳಿನ ಕಡೆ ನೋಡಿದೆ. ಅವರೂ ನೋಡಿದರು. ಕುರಿಗಳೆಲ್ಲ ದಾಟಿಹೋದವು. ತಮ್ಮ ಗಾಡಿ ಚಾಲೂ ಮಾಡಿದ ಮೇಲೆ, ಮೆಲ್ಲಗೆ ಕೇಳಿದರು: "ಹೊಳಿ ತುಂಬಿತ್ತೇನ?"

ನಾನು ಹೊಳೆಯನ್ನೇ ನೋಡಿರಲಿಲ್ಲ. ಅಷ್ಟು ಹೊತ್ತೂ ನೋಡಿದ್ದು ಅವರ ಎದೆ ಮತ್ತು ಆ ಮುಳ್ಳು. "ತುಂಬಿತ್ರಿ," ಎಂದುಬಿಟ್ಟೆ.

"ಎಷ್ಟು?"

ಮುಂದಿನ ಸೀಟಿನಿಂದ ತಮ್ಮನೇ ನೆರವಿಗೆ ಬಂದ: "ಸೇತುವಿ ಮುಟ್ಟೂವಂಗ ಮಾವ. ಕೆಂಪು ನೀರು."

ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

"ಹಂಗಾರ ಡ್ಯಾಮಿನ ಗೇಟು ಎತ್ಯಾರ. ಪೊಲೀಸರು ಅಡ್ಡ ನಿಂತಿರ್ತಾರ, ದಂಡಿಗೆ ಯಾರನ್ನೂ ಬಿಡೂದಿಲ್ಲ. ಇಳಿಯಾಕ ಆಗ್ತಿದ್ದಿಲ್ಲ ಬಿಡು."

"ಹೌದ್ರಿ," ಎಂದೆ.

"ಎಬ್ಬಿಸಿದ್ರೂ ಅಷ್ಟ," ಎಂದು ನನ್ನ ಕೈ ತಟ್ಟಿದರು.