ಗಂಗಾಪೂಜೆಗೆ ಬಂದ ರುಂಬಾ ಪೆಟ್ಟಿಗೆ

ನಾನು ನಿಂತಿದ್ದು ಕಾಫಿ ಕಣದ ಕೆಳಗಿನ ಮೂಲೆಯಲ್ಲಿ, ಬಾವಿಯಿಂದ ಬರುವ ಕಾಲುದಾರಿ ಕಣದ ಮೆಟ್ಟಿಲಿಗೆ ಸೇರುವ ಕಡೆ, ಕಿತ್ತಳೆ ಗಿಡದ ಎಡಕ್ಕೆ. ನನ್ನ ತಂಗಿಯ ಮದುವೆಯ ದಿನ, ಸಂಜೆ. ಸಿಲ್ವರ್ ಓಕ್ ಮರಗಳ ತುದಿಯಲ್ಲಿ ಇನ್ನೂ ಬಿಸಿಲಿತ್ತು. ಜಾಗ ಮಾದಾಪುರದ ಪಕ್ಕ, ಅವಳ ಗಂಡನ ಮನೆಯವರ ಎಸ್ಟೇಟು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹತ್ತು ವರ್ಷದ ಮೇಲಾಗಿತ್ತು. ನಡುವೆ ಒಂದು ಸಲ ಕಣದ ಮೇಲ್ತುದಿಗೆ ಹೋಗಿ ಬಂದದ್ದು ಬಿಟ್ಟರೆ ನಾನು ಆ ಗಿಡದ ಬುಡ ಬಿಟ್ಟು ಕದಲಲಿಲ್ಲ.

ನಮ್ಮಲ್ಲಿ ಮದುವೆಯ ಶಾಸ್ತ್ರ ಮುಗಿದ ಮೇಲೆ ಹೊಸ ಸೊಸೆ ಬಾವಿಗೆ ಗಂಗಾಪೂಜೆ ಮಾಡಿ, ತುಂಬಿದ ಕೊಡ ತಲೆಯ ಮೇಲಿಟ್ಟುಕೊಂಡು ಮನೆಗೆ ಬರಬೇಕು. ಗಂಡಿನ ಕಡೆಯವರು ದಾರಿಗೆ ಅಡ್ಡ ಕುಣಿಯುತ್ತಾರೆ. ವಾಲಗ ನುಡಿಯುತ್ತಿರುವಷ್ಟು ಹೊತ್ತು ಅವಳು ನಿಂತಲ್ಲೇ ನಿಲ್ಲಬೇಕು. ವಾಲಗದವರು ಉಸಿರಿಗೋ ಗುಟುಕು ನೀರಿಗೋ ನಿಲ್ಲಿಸಿದಾಗ ನಾಲ್ಕು ಹೆಜ್ಜೆ ಮುಂದೆ ಬರಬಹುದು. ನೀರು ಚೆಲ್ಲದೆ ಒಳಗೆ ತಂದರೆ ಹುಡುಗಿ ಗಟ್ಟಿ. ತಮಾಷೆಯೇ. ಆದರೆ ಆ ತಮಾಷೆಯನ್ನು ಅತ್ತೆ ಮನೆಯವರು ಮೊಮ್ಮಕ್ಕಳಾಗುವ ತನಕ ನೆನಪಿಟ್ಟುಕೊಳ್ಳುತ್ತಾರೆ. ನನ್ನ ತಂಗಿ ಟೈಫಾಯ್ಡ್‌ನಿಂದ ಎದ್ದು ಹೆಚ್ಚು ದಿನವಾಗಿರಲಿಲ್ಲ. ಗಂಡಿನ ಮನೆಗೆ ಅದನ್ನು ಹೇಳಿದ್ದೆವು, ಬಂಧುಬಳಗಕ್ಕೆಲ್ಲ ಹೇಳಿರಲಿಲ್ಲ.

ಮದುಮಗನ ಚಿಕ್ಕಪ್ಪನ ಮಗ ಬೊಂಬಾಯಿಯ ಒಂದು ಹೋಟೆಲಿನಲ್ಲಿ ಗಿಟಾರ್ ನುಡಿಸುತ್ತಿದ್ದ. ಅವನು ಮದುವೆಗೆ ಒಂದು ಪೆಟ್ಟಿಗೆ ತಂದಿದ್ದ. ಟ್ರಂಕಿನಷ್ಟು ದೊಡ್ಡದು, ಮುಂಭಾಗದಲ್ಲಿ ಗುಂಡಿಗಳ ಸಾಲು. ಗುಂಡಿಗಳ ಕೆಳಗೆ ರುಂಬಾ, ಸಾಂಬಾ, ಚಾ ಚಾ ಚಾ ಎಂದು ವಿದೇಶಿ ಕುಣಿತಗಳ ಹೆಸರು ಬರೆದಿತ್ತು. ಒತ್ತಿದರೆ ತಾಳ ತಾನಾಗಿ ಬರುತ್ತಿತ್ತು, ತಗಡಿನ ಡಬ್ಬಿಯಲ್ಲಿ ಕಡಲೆ ಹಾಕಿ ಅಲ್ಲಾಡಿಸಿದ ಹಾಗೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಎಂಜಿನ್ನಿನಿಂದ ಅದಕ್ಕೆ ಕರೆಂಟು ಎಳೆದಿದ್ದರು. ಜೊತೆಗೆ ರೆಕಾರ್ಡ್ ಪ್ಲೇಯರ್ ಮತ್ತು ಎರಡು ಧ್ವನಿವರ್ಧಕ.

ಊಟವಾದ ಮೇಲೆ ಜಗಲಿಯಲ್ಲಿ ಅವನು ಪರೀಕ್ಷೆಗೆಂದು ರೆಕಾರ್ಡನ್ನು ಮಾತ್ರ ಹಾಕಿದ. ಕ್ಯೂಬಾ ದೇಶದ ಹಳ್ಳಿಯ ಹಾಡುಗಳಂತೆ. ಯಾರೋ ಮುದುಕ ಹಾಡುತ್ತಿದ್ದ, ಯಾರೋ ಅಂಗೈಯಲ್ಲಿ ಚರ್ಮ ಬಡಿಯುತ್ತಿದ್ದರು. ಮುದುಕ ಉಸಿರೆಳೆದುಕೊಳ್ಳುವಾಗ ಆ ಕೈ ಒಂದಿಷ್ಟು ಕಾಯುತ್ತಿತ್ತು. ಭಾಷೆ ತಿಳಿಯದಿದ್ದರೂ ನಾನು ಎಲೆಯಡಿಕೆ ಜಗಿಯುವುದನ್ನು ಮರೆತು ಕೇಳಿದೆ. ಅಷ್ಟು ಒಳ್ಳೆಯ ಹಾಡಿನ ಮೇಲೆ ಅವನು ರುಂಬಾದ ಗುಂಡಿ ಒತ್ತಿದ. ಮುದುಕ ಉಸಿರೆಳೆಯಲು ನಿಂತ. ಪೆಟ್ಟಿಗೆಯ ಆ ಡಬ್ಬಿ ತಾಳ ನಿಲ್ಲಲಿಲ್ಲ, ಅವನನ್ನು ದಾಟಿಕೊಂಡು ಹೋಯಿತು.

"ಹೇಗುಂಟು ಬಾವ? ಇದರ ಮೇಲೆ ನಮ್ಮ ವಾಲಗವನ್ನೂ ಮಿಕ್ಸ್ ಮಾಡುವ. ಕ್ಯೂಬಾ, ಕೊಡಗು, ಕರೆಂಟು, ಮೂರೂ ಒಟ್ಟಿಗೆ!" ಎಂದ. ಹೊಸ ಮತವೊಂದನ್ನು ಸ್ಥಾಪಿಸಿದವನ ಮುಖ.

ವಾಲಗದ ಹಿರಿಯ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದ. "ಇದಕ್ಕೂ ಊಟ ಉಂಟಾ ಅಯ್ಯಾ? ಇಲ್ಲದಿದ್ರೆ ಅದರ ಎಲೆ ನಂಗೆ ಹಾಕ್ಸಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಸಂಜೆ ತಂಗಿ ತಾಮ್ರದ ಕೊಡ ಹೊತ್ತು ಕಿತ್ತಳೆ ಗಿಡದ ಹತ್ತಿರ ಬರುವಾಗ ಮೂರನ್ನೂ ಒಟ್ಟಿಗೆ ಬಿಟ್ಟರು. ವಾಲಗದ ನಡೆ ಒಂದು, ಡಬ್ಬಿಯದು ಇನ್ನೊಂದು, ನಡುವೆ ಮುದುಕನ ಹಾಡು ಚಕ್ರಕ್ಕೆ ಸಿಕ್ಕ ಬಟ್ಟೆಯಂತೆ ಸುತ್ತಿಕೊಳ್ಳುತ್ತಿತ್ತು. ಕೊಡಗಿನ ಕಪ್ಪು ನಿಲುವಂಗಿ, ಕುಪ್ಪಸ, ತೊಟ್ಟ ಗಂಡಸರು ಯಾವುದಕ್ಕೆ ಹೆಜ್ಜೆ ಹಾಕುವುದೆಂದು ತಿಳಿಯದೆ ಕೊನೆಗೆ ಜೋರಾಗಿದ್ದುದಕ್ಕೆ ಹಾಕಿದರು. ವಾಲಗದವರು ಎಂದಿನಂತೆ ಉಸಿರಿಗೆ ನಿಲ್ಲಿಸಿದರು. ತಂಗಿ ಹೆಜ್ಜೆ ಎತ್ತಿದಳು. ಡಬ್ಬಿ ನಿಂತಿರಲಿಲ್ಲ.

"ತಾಳ ಉಂಟಲ್ಲ! ದಾರಿ ಇಲ್ಲ!" ಎಂದು ಮದುಮಗನ ಸೋದರಮಾವ ಕೈ ಅಡ್ಡ ಹಿಡಿದ.

ರೆಕಾರ್ಡಿನ ಒಂದು ಮುಖ ಮುಗಿಯಿತು. ಪೆಟ್ಟಿಗೆಯ ಒಡೆಯ ಅದನ್ನು ಮಗುಚಿ ಹಾಕುವಾಗಲೂ ಡಬ್ಬಿ ಬಡಿಯುತ್ತಲೇ ಇತ್ತು. ವಾಲಗದವರು ದಿಬ್ಬದ ಮೇಲೆ ಕೂತು ಬೀಡಿ ಹಚ್ಚಿದರು. ಕುಣಿಯುವವರಲ್ಲಿ ಒಬ್ಬೊಬ್ಬರಿಗೂ ಏದುಸಿರು, ಆದರೆ ತಾಳ ಇರುವಾಗ ಮೊದಲು ಕೈ ಇಳಿಸಿದವನಿಗೆ ಮಾನವಿಲ್ಲ. ಮನುಷ್ಯರ ಕೈ ಸೋಲುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ ನಿಂತ ಸಂಪ್ರದಾಯಕ್ಕೆ ಎಂಜಿನ್ ಕಟ್ಟಿದ್ದರು, ಈಗ ತಾವೇ ಅದರ ಆಳುಗಳಾಗಿದ್ದರು. ಅವರ ಬಗ್ಗೆ ನನಗೆ ಕನಿಕರ ಹುಟ್ಟಲಿಲ್ಲ, ಈಗಲೂ ಇಲ್ಲ.

ತಂಗಿಯ ಮೊಣಕೈ ನಡುಗುತ್ತಿತ್ತು. ತುಟಿ ಬೆಳ್ಳಗಾಗಿತ್ತು. ನಾನು ಕಣದ ಅಂಚು ಹಿಡಿದು ಮೇಲ್ತುದಿಗೆ, ಪೆಟ್ಟಿಗೆಯ ಒಡೆಯನ ಬಳಿ ಹೋದೆ.

"ನಿಲ್ಲಿಸು. ಅವಳಿಗೆ ಮೈ ಸರಿಯಿಲ್ಲ."

"ಎಂತ ಬಾವ! ಬೊಂಬಾಯಿಲಿ ಬೆಳಗಾಗುವವರೆಗೆ ಕುಣಿತಾರೆ." ಆಮೇಲೆ ಸದ್ದಿಗಿಂತ ಮೇಲೆ ಕೇಳಲೆಂದು ಕೂಗಿದ: "ಕೇಳಿದ್ರಾ? ಮೈ ಸರಿಯಿಲ್ಲದವಳನ್ನು ಕೊಟ್ಟಿದ್ದಾರಂತೆ ನಮಗೆ!"

ಕುಣಿಯುವವರು ಹೋ ಎಂದರು. ತಂಗಿಗೂ ಅದು ಕೇಳಿಸಿತು. ಅವಳ ಮುಖ ನಾನಿದ್ದ ಕಡೆಗೆ ತಿರುಗಿತು. ಇನ್ನು ನಾನು ವಯರು ಕಿತ್ತರೆ ಅವಳು ಆ ಮನೆಯಲ್ಲಿ ಬದುಕಿರುವಷ್ಟು ದಿನ ಅಣ್ಣ ಬಂದು ಬಿಡಿಸಿದ ರೋಗಿಷ್ಠ ಸೊಸೆ. ಅವಳು ಕಣ್ಣಿನಲ್ಲೇ ಬೇಡವೆಂದಳು. ನಾನು ಕೆಳಗಿಳಿದು ಮತ್ತೆ ಗಿಡದ ಪಕ್ಕ ನಿಂತೆ, ಅವಳು ಬಿದ್ದರೆ ಹಿಡಿಯುವಷ್ಟು ಹತ್ತಿರ.

ಅವಳು ಬೀಳಲಿಲ್ಲ. ಎರಡೂ ಕೈಯಿಂದ ಕೊಡ ಇಳಿಸಿದಳು. ಪಕ್ಕದಲ್ಲಿ ನಡೆದು ಬರುತ್ತಿದ್ದ ಜೊತೆಗಾತಿ ಗಾಬರಿಯಿಂದ ಕೈ ಚಾಚಿದಳು, ತಂಗಿ ಕೊಡಲಿಲ್ಲ. ಕಿತ್ತಳೆ ಗಿಡದ ಬುಡಕ್ಕೆ ಬಗ್ಗಿ ಅಷ್ಟೂ ನೀರನ್ನು ನಿಧಾನವಾಗಿ ಸುರಿದಳು. ನನ್ನ ಪಾದರಕ್ಷೆ ನೆನೆಯಿತು. ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಮೆಟ್ಟಿಲು ಹತ್ತಿದಳು.

ಡಬ್ಬಿ ಬಡಿಯುತ್ತಿತ್ತು. ಆದರೆ ನಮ್ಮವರು ತಡೆಯುವುದು ತುಂಬಿದ ಕೊಡವನ್ನು. ಖಾಲಿ ಕೊಡದ ಮುಂದೆ ಕುಣಿಯುವ ಶಾಸ್ತ್ರ ಯಾರಿಗೂ ಗೊತ್ತಿರಲಿಲ್ಲ. ಮದುಮಗನ ಸೋದರಮಾವ ಎತ್ತಿದ್ದ ಕೈಯನ್ನು ನೊಣ ಓಡಿಸುವವನಂತೆ ಆಡಿಸಿ ಇಳಿಸಿದ. ದಾರಿ ತೆರವಾಯಿತು.

ಹೊಸ್ತಿಲಲ್ಲಿ ಅವಳ ಅತ್ತೆ ನಿಂತಿದ್ದರು. ಕೊಡದೊಳಗೆ ಬಗ್ಗಿ ನೋಡಿದರು. ಅವರು ಕಣದ ಕಡೆ, ಆ ಗಂಡಸರ ಕಡೆ ನೋಡಿದರು.

"ಒಳಗೆ ಬಾ ಕೂಸೇ. ಬಾವಿಲಿ ನೀರು ನಾಳೆನೂ ಉಂಟು" ಎಂದರು. ಆಮೇಲೆ ಕಣಕ್ಕೆ ಕೇಳುವ ಹಾಗೆ: "ಆ ಡಬ್ಬಿಗೆ ಯಾರಾದ್ರೂ ಮದುವೆ ಮಾಡಿ, ಸುಮ್ಮನಾಗ್ತದೆ!"

ಯಾರೋ ಹೋಗಿ ಎಂಜಿನ್ ಆರಿಸಿದರು. ಈಗಲೂ ಯಾರದೋ ಮದುವೆಯಲ್ಲಿ ಆ ಬಗೆಯ ತಾಳ ಕೇಳಿದರೆ ನಾನು ಮೊದಲು ಹುಡುಕುವುದು ಹೊರೆ ಹೊತ್ತು ನಿಂತವರು ಯಾರಾದರೂ ಇದ್ದಾರೆಯೇ ಎಂದು.

ಅತ್ತೆ ಈಗಿಲ್ಲ, ಕೈ ಅಡ್ಡ ಹಿಡಿದ ಸೋದರಮಾವನಿಲ್ಲ, ವಾಲಗದ ಹಿರಿಯನಿಲ್ಲ. ಪೆಟ್ಟಿಗೆಯ ಒಡೆಯ ಇದ್ದಾನೆ. ಕೇಳಿದರೆ ಅವತ್ತು ಕರೆಂಟು ಸರಿಯಿರಲಿಲ್ಲ ಎನ್ನುತ್ತಾನೆ. ಕೈ ಚಾಚಿದ ಜೊತೆಗಾತಿ ಶನಿವಾರಸಂತೆಯಲ್ಲಿದ್ದಾಳೆ, ಕಣ್ಣು ಮಂಜಾದರೂ ಇದನ್ನು ಹೇಳುವಾಗ ಬಗ್ಗಿ ಸುರಿದು ತೋರಿಸುತ್ತಾಳೆ. ನನ್ನ ತಂಗಿ ಅದೇ ಮನೆಯಲ್ಲಿದ್ದಾಳೆ.