ಕೂರುವವಳನ್ನು ಕೇಳದೆ ತಂದ ಇಂಜಿನ್

ಟೆಂಪೋದಿಂದ ನಾಲ್ಕು ಜನ ಸೇರಿ, ಹಗ್ಗ ಕಟ್ಟಿ, ಅಂಗಳಕ್ಕೆ ಇಳಿಸುತ್ತಿದ್ದ ವಸ್ತು ಏನೆಂದು ಹರಿಣಾಕ್ಷಿಗೆ ಗೇಟಿನಿಂದಲೇ ಗೊತ್ತಾಯಿತು. ಗೊತ್ತಾದದ್ದೇ ತಡ, ಅವಳ ಕಿವಿಯ ತುದಿಯವರೆಗೂ ಬಿಸಿ ಏರಿತು. ಕಂಕುಳಲ್ಲಿ ಮಗಳು ಮೋಕ್ಷಾ ಇದ್ದಳು. ಚುಚ್ಚುಮದ್ದು ಹಾಕಿಸಿಕೊಂಡು ಕಾಪುವಿನ ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೂ ಅತ್ತು, ಈಗಷ್ಟೇ ಕಣ್ಣು ಮುಚ್ಚಿದ್ದಳು. ಆ ಒಂದು ಕಾರಣಕ್ಕೆ ಹರಿಣಾಕ್ಷಿ ಅಲ್ಲಿಯೇ ಬೊಬ್ಬೆ ಹಾಕಲಿಲ್ಲ. ಒಳಗೆ ಹೋಗಿ ಮಗುವನ್ನು ತನ್ನ ಅಮ್ಮ ಕಮಲಳ ಮಡಿಲಿಗೆ ಮೆಲ್ಲಗೆ ದಾಟಿಸಿ, ಸೂಜಿ ಚುಚ್ಚಿದ ತೊಡೆ ಒತ್ತದ ಹಾಗೆ ಬಟ್ಟೆ ಸರಿಮಾಡಿ, ಬಾಗಿಲು ಎಳೆದುಕೊಂಡು ಹೊರಗೆ ಬಂದಳು.

"ಇದೆಂತ ಅಣ್ಣ?"

"ಇಂಜಿನ್," ಎಂದ ಧನರಾಜ್, ಹಣೆಯ ಬೆವರನ್ನು ತೋಳಿಗೆ ಒರಸಿಕೊಳ್ಳುತ್ತ. "ಡೀಸೆಲ್. ಮಲ್ಪೆಯ ಮ್ಯಾಕ್ಸಿಮ್‌ನ ಹತ್ತಿರ ಇತ್ತು. ಗಟ್ಟಿ ಮಾಲು. ಇನ್ನು ನಿನಗೆ ಮಂಡೆಬಿಸಿ ಇಲ್ಲ."

"ಇದನ್ನು ಯಾವುದಕ್ಕೆ ಕೂರಿಸ್ತಿ?"

"ಯಾವುದಕ್ಕೆ ಅಂದ್ರೆ? ಹುಲ್ಲು ಕೊಯ್ಯುವ ಗಾಡಿಗೆ. ಮತ್ತೆ ನಿನ್ನ ಗ್ರೈಂಡರಿಗಾ?"

ಟೆಂಪೋದವರು ನಕ್ಕರು. ಹರಿಣಾಕ್ಷಿ ನಗಲಿಲ್ಲ. ಮಗುವಿನ ಚುಚ್ಚುಮದ್ದು ಮುಗಿಯಲಿ, ಮರುದಿನವೇ ಉಡುಪಿಗೆ ಹೋಗಿ ಇಂಜಿನ್ ನೋಡುವಾ ಎಂದು ಅವಳು ಹಿಂದಿನ ರಾತ್ರಿ ಊಟಕ್ಕೆ ಬಡಿಸುತ್ತ ಹೇಳಿದ್ದಳು. ಅಣ್ಣ "ಹ್ಞೂಂ" ಅಂದಿದ್ದ. ಆ ಹ್ಞೂಂ ಎಲ್ಲಿಗೆ ಹೋಯಿತು?

ಈ ಹುಲ್ಲಿನ ಕೆಲಸಕ್ಕೆ ಅವಳು ಬಂದದ್ದು ತಾನಾಗಿ ಅಲ್ಲ. ಗಂಡ ತಿಲಕ್ ಆಳಸಮುದ್ರದ ಬೋಟಿನಲ್ಲಿ ಹೋಗುವವನು. ಮಳೆಗಾಲದಲ್ಲಿ ಬೋಟು ದಡಕ್ಕೆ ಬಿದ್ದು ಕೈ ಖಾಲಿಯಾಗುವ ಹೊತ್ತಿಗೇ ಊರಿನ ಅಂಗಳ, ಮೈದಾನ, ಲೇಔಟುಗಳಲ್ಲಿ ಹುಲ್ಲು ಮೊಣಕಾಲಿಗೆ ಬರುತ್ತದೆ. ಕುತ್ತಿಗೆಗೆ ನೇತುಹಾಕಿಕೊಂಡು ಹುಲ್ಲು ಕತ್ತರಿಸುವ ಮಿಷನ್ ಒಂದನ್ನು ಅವನಿಗೆಂದೇ ತಂದರು. ತಿಲಕ್ ಅದನ್ನು ಒಂದು ಬೆಳಿಗ್ಗೆ ಹೊತ್ತು, "ಇದಕ್ಕಿಂತ ಬಲೆ ಎಳೆಯುವುದೇ ಸುಖ," ಎಂದು ಜಗಲಿಯಲ್ಲಿ ಒರಗಿಸಿಬಿಟ್ಟ. ಹೇಗೂ ತಂದಾಗಿದೆ ಎಂದು ಹರಿಣಾಕ್ಷಿ ಎತ್ತಿಕೊಂಡಳು. ಇನ್ನಂಜೆಯ ದೇವಸ್ಥಾನದ ಅಂಗಳದಿಂದ ಶುರುವಾಗಿ ಹಿರಿಯಡ್ಕ, ಕಾರ್ಕಳದವರೆಗೂ ಅವಳ ಕೆಲಸದ ಹೆಸರು ಹಬ್ಬಿತು. ಯಾವುದೋ ರೆಸಾರ್ಟ್ ಮುಚ್ಚಿದಾಗ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ, ಮೇಲೆ ಕೂತು ಹುಲ್ಲು ಕತ್ತರಿಸುವ ಸವಾರಿ ಮಿಷನ್ನನ್ನು ಅಣ್ಣ ತಂಗಿ ಪಾಲಿನಲ್ಲಿ ತಂದರು. ಧನರಾಜ್ ಬೋಟಿನ ಇಂಜಿನ್ ರಿಪೇರಿಯವನು, ರಿಪೇರಿ ಅವನದು. ಓಡಿಸುವುದು ಅವಳದು.

ಆ ಗಾಡಿಗೆ ಸ್ಟಿಯರಿಂಗ್ ಇಲ್ಲ. ಎರಡು ಕೈಗೆ ಎರಡು ಲಿವರ್. ಎರಡನ್ನೂ ದೂಡಿದರೆ ಮುಂದೆ, ಎಳೆದರೆ ಹಿಂದೆ. ಒಂದನ್ನು ದೂಡಿ ಇನ್ನೊಂದನ್ನು ಎಳೆದರೆ ನಿಂತಲ್ಲೇ ಗಿರ್ರನೆ ತಿರುಗುತ್ತದೆ. ಝೀರೋ ಟರ್ನ್ ಎಂದು ಅದರ ಜಾತಿಯ ಹೆಸರು. ಧನರಾಜ್ ಒಮ್ಮೆ ಕೂತು, ನೇರ ತೆಂಗಿನ ಬುಡಕ್ಕೆ ಹೋಗಿ ಗುದ್ದಿ, "ಚುಕ್ಕಾಣಿ ಇಲ್ಲದ್ದು ಒಂದು ಗಾಡಿಯಾ?" ಎಂದು ಇಳಿದವನು ಮತ್ತೆ ಹತ್ತಿರಲಿಲ್ಲ. ಹರಿಣಾಕ್ಷಿಗೆ ಮಾತ್ರ ಅದು ಎರಡೇ ದಿನಕ್ಕೆ ಒಲಿಯಿತು. ಹಲಸಿನ ಮರದ ಸುತ್ತ ಒಂದು ಎಳೆ ಹುಲ್ಲೂ ಉಳಿಯದ ಹಾಗೆ ಅವಳು ತಿರುಗಿಸುವುದನ್ನು ನೋಡಲು ಮಣಿಪಾಲದ ಲೇಔಟಿನ ಹೆಂಗಸರು ಬಾಲ್ಕನಿಗೆ ಬರುತ್ತಿದ್ದರು.

ಆ ಗಾಡಿಯ ಹಳೆಯ ಪೆಟ್ರೋಲ್ ಇಂಜಿನ್ ಈ ಮಳೆಗಾಲದಲ್ಲಿ ಕಚ್ಚಿಕೊಂಡು ನಿಂತಿತು. ಏಕೆ ನಿಂತಿತೆಂದು ಅವಳಿಗೆ ಗೊತ್ತಿತ್ತು. ಗಾಳಿಯಿಂದ ತಣ್ಣಗಾಗುವ ಇಂಜಿನ್ ಅದು. ಮೇಲಿನ ಜಾಲರಿಗೆ ಒದ್ದೆ ಹುಲ್ಲು ಮೆತ್ತಿಕೊಂಡರೆ ಉಸಿರು ಕಟ್ಟುತ್ತದೆ. ಆಗಾಗ ನಿಲ್ಲಿಸಿ ತೆಗೆಯಬೇಕು. ನಿಲ್ಲಿಸಲು ಪುರುಸೊತ್ತು ಎಲ್ಲಿತ್ತು? ಅಣ್ಣ ಫೋನಿನಲ್ಲಿ ಸಿಕ್ಕವರಿಗೆಲ್ಲ ಹೂಂ ಎಂದು, ಬೆಳಿಗ್ಗೆ ಹಿರಿಯಡ್ಕ, ಮಧ್ಯಾಹ್ನ ಕಾರ್ಕಳ, ಸಂಜೆ ಮಣಿಪಾಲ ಎಂದು ಅವಳನ್ನು ಓಡಿಸಿದ್ದ. ಇಂಜಿನ್ ಸತ್ತ ದಿನ ಅವನು ಹೇಳಿದ್ದು ಒಂದೇ ಮಾತು: "ಪೆಟ್ರೋಲ್ ಅಂದ್ರೆ ಹೀಗೇ."

ಬೋಟು ಮತ್ತೆ ನೀರಿಗಿಳಿದು ತಿಲಕ್ ಕಡಲಿಗೆ ಹೋಗಿಯಾಗಿತ್ತು. ಈಗ ಅಂಗಳದಲ್ಲಿ ಆ ಡೀಸೆಲ್ ಮುದ್ದೆ ಕೂತಿತ್ತು.

"ಅಣ್ಣ, ಇದರ ಶಾಫ್ಟ್ ಅಡ್ಡಕ್ಕೆ ಉಂಟು. ನಮ್ಮದಕ್ಕೆ ಕೆಳಗೆ ಮುಖ ಮಾಡಿದ್ದು ಬೇಕು."

"ಅದಕ್ಕೆ ನಾನು ಉಂಟಲ್ಲ? ಪುಲ್ಲಿ ಹಾಕಿ ಬೆಲ್ಟ್ ತಿರುಚಿ ಕೊಡ್ತೇನೆ."

"ತೂಕ? ಇಂಜಿನ್ ಕೂರುವುದು ಹಿಂದೆ. ಹಿಂದೆ ಇಷ್ಟು ಭಾರ ಹಾಕಿದ್ರೆ ಏರಿನಲ್ಲಿ ಮುಂದಿನ ಚಕ್ರ ಏಳ್ತದೆ."

"ಭಾರ ಇದ್ರೆ ಕೂತ್ಕೊಳ್ತದೆ ಮಾರಾಯ್ತಿ. ಬೋಟಿನಲ್ಲಿ ನೋಡಿಲ್ವಾ? ಇಂಜಿನ್ ಭಾರ ಇದ್ದಷ್ಟೂ ಅಲೆಗೆ ಅಲುಗುವುದಿಲ್ಲ."

"ನಾನು ಅಲೆ ಕೊಯ್ಲಿಕ್ಕೆ ಹೋಗುವುದಲ್ಲ, ಹುಲ್ಲು!"

"ಡೀಸೆಲ್‌ನ ಎಳೆತ ನಿನಗೆ ಗೊತ್ತುಂಟಾ? ಎಂಥ ದಪ್ಪ ಹುಲ್ಲು ಸಿಕ್ಕಿದ್ರೂ ನಿಲ್ಲುವುದಿಲ್ಲ. ಖರ್ಚೂ ಕಡಿಮೆ."

ಎಳೆತದ ಮಾತು ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು. ಅರ್ಧ ಸರಿ ಇದ್ದವನ ಹತ್ತಿರ ವಾದ ಮಾಡುವುದು ಪೂರ್ತಿ ತಪ್ಪಿದವನ ಹತ್ತಿರ ಮಾಡುವುದಕ್ಕಿಂತ ಕಷ್ಟ.

"ಅಪ್ಪ ತಾಂಡೇಲ ಆಗಿದ್ರಲ್ಲ," ಎಂದಳು. "ಬೋಟಿನ ಧನಿ ಯಾವತ್ತಾದರೂ ಅಪ್ಪನನ್ನು ಬಿಟ್ಟು ಇಂಜಿನ್ ಅಂಗಡಿಗೆ ಹೋದದ್ದುಂಟಾ? ಬೋಟು ಧನಿಯದ್ದು. ಆದರೆ ಕಡಲಿನಲ್ಲಿ ಅದನ್ನು ನಡೆಸುವವನು ಅಪ್ಪ ಅಂತ ಕರ್ಕೊಂಡು ಹೋಗ್ತಿದ್ರು."

"ಅಪ್ಪ ತಾಂಡೇಲ. ನೀನು ಎಂತ?"

"ಆ ಗಾಡಿಗೆ ನಾನೇ ತಾಂಡೇಲ."

ಧನರಾಜ್ ಟೆಂಪೋದವರ ಮುಖ ನೋಡಿ ನಕ್ಕ. ಆ ನಗುವಿಗೆ ಹರಿಣಾಕ್ಷಿಯ ಬಾಯಿಂದ, ಅಣ್ಣನ ಎದುರು ಎಂದೂ ಆಡಬಾರದೆಂದುಕೊಂಡಿದ್ದ ಮಾತು ಬಂದುಬಿಟ್ಟಿತು.

"ಒಂದೇ ಸಿಲಿಂಡರಿನ ಡೀಸೆಲ್ ಎಷ್ಟು ನಡುಗಿಸ್ತದೆ ಅಂತ ನಿನಗೆ ಗೊತ್ತಿಲ್ವಾ? ಹೊಟ್ಟೆ ಕೊಯ್ದು ಮಗು ತೆಗೆದದ್ದು ನನ್ನದು. ಈಗಲೂ ಮಗುವನ್ನು ಎತ್ತಿ ತೊಟ್ಟಿಲಿಗೆ ಹಾಕುವಾಗ ಹೊಲಿಗೆ ಚುರ್ ಅಂತದೆ. ಇಡೀ ದಿನ ಅದರ ಮೇಲೆ ಕೂರುವುದು ಯಾರು, ನೀನಾ?"

ಟೆಂಪೋದವರು ಹಗ್ಗ ಸುತ್ತುವುದರಲ್ಲಿ ಮಗ್ನರಾದರು. ಧನರಾಜ್‌ಗೆ ನಾಚಿಕೆಯಾಗಿರಬೇಕು. ಆದರೆ ನಾಚಿಕೆಯಾದಾಗಲೂ ಅವನಿಗೆ ಬರುವುದು ಸಿಟ್ಟೇ.

"ಕೂರ್ಲಿಕ್ಕೆ ಆಗದಿದ್ದರೆ ಬೇಡ. ಬೇರೆ ಡ್ರೈವರ್ ಸಿಗ್ತಾನೆ. ಮ್ಯಾಕ್ಸಿಮ್‌ಗೆ ಮಾತು ಕೊಟ್ಟಾಗಿದೆ. ನಾನು ಹಿಂದೆ ಕೊಡುವುದಿಲ್ಲ."

ಬೇರೆ ಡ್ರೈವರ್! ಹರಿಣಾಕ್ಷಿ ಒಳಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದಳು. ಕಮಲ ಮೆಲ್ಲಗೆ, "ಅಣ್ಣ ಅಲ್ವಾ ಮಗಾ, ನಿನ್ನ ಒಳ್ಳೆಯದಕ್ಕೇ ಮಾಡಿರ್ತಾನೆ," ಎಂದಳು.

"ನನ್ನ ಒಳ್ಳೆಯದು ಎಂತ ಅಂತ ನನ್ನ ಹತ್ತಿರ ಕೇಳ್ಲಿಕ್ಕೆ ಅವನ ಬಾಯಿಗೆ ಎಂತ ಆಗಿದೆ ಅಮ್ಮ?"

ಆ ವಾರವಿಡೀ ಅಂಗಳದಲ್ಲಿ ವೆಲ್ಡಿಂಗಿನ ಕಿಡಿ ಹಾರಿತು. ಹರಿಣಾಕ್ಷಿ ಅತ್ತ ಸುಳಿಯಲಿಲ್ಲ. ಮಗುವಿಗೆ ಗಂಜಿ ತಿನ್ನಿಸುವಾಗಲೂ ಅವಳ ದವಡೆ ಬಿಗಿದೇ ಇತ್ತು. "ನಿನ್ನ ಮುಖ ನೋಡಿ ಅದು ಉಣ್ಣುವುದಿಲ್ಲ," ಎಂದು ಅಮ್ಮ ಬೈದ ಮೇಲೆ, ಹೋಗಿ ಮುಖ ತೊಳೆದುಕೊಂಡು ಬಂದು ಮಗುವಿನ ಮುಂದೆ ಮಾತ್ರ ನಕ್ಕಳು.

ಗಾಡಿ ತಯಾರಾಗಿ ಹೊರಟದ್ದು ನಿಟ್ಟೆಗೆ. ಅಲ್ಲಿ ಒಬ್ಬರ ಖಾಸಗಿ ಹಾಸ್ಟೆಲಿನ ಹಿಂದೆ ಏರು ಹುಲ್ಲುಗಾವಲು, ಅದರ ಬುಡದಲ್ಲಿ ಮುರಕಲ್ಲಿನ ಗೋಡೆ. ಧನರಾಜ್ ಹೇಳಿದ ಬೇರೆ ಡ್ರೈವರ್ ಬಂದಿರಲಿಲ್ಲ. ಸ್ಟಿಯರಿಂಗ್ ಇಲ್ಲವೆಂದು ಕೇಳಿದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟಿದ್ದ. ಹರಿಣಾಕ್ಷಿ ಬಂದಿದ್ದಳು. ಗಾಡಿ ಅವಳದ್ದೂ ಹೌದಲ್ಲ, ಪಾಲುಗಾರ್ತಿಯಾಗಿ ನೋಡಲು ಬಂದಿದ್ದಳು. ಟೆಂಪೋದಿಂದ ಗಾಡಿ ಇಳಿಯಿತು. ಹುಲ್ಲು ಮಳೆಗೆ ತೊಯ್ದಿತ್ತು.

"ಹತ್ತು," ಎಂದ ಧನರಾಜ್.

"ಹತ್ತುವುದಿಲ್ಲ."

"ಹರಿಣಾ, ಹಾಸ್ಟೆಲಿನವರು ನೋಡ್ತಿದ್ದಾರೆ. ಮರ್ಯಾದೆ ತೆಗಿಬೇಡ."

"ನಿನ್ನ ಮರ್ಯಾದೆ ಉಳಿಸ್ಲಿಕ್ಕೆ ನಾನು ಮಂಡೆ ಒಡ್ಕೊಳ್ಬೇಕಾ? ಮೊದಲು ನೀನು ಹತ್ತಿ ಏರಿನಲ್ಲಿ ಹೋಗಿ ತೋರಿಸು. ಬ್ಲೇಡ್ ಹಾಕ್ಬೇಡ."

ವಾರ್ಡನ್ ಕೊಡೆ ಹಿಡಿದು ನಿಂತಿದ್ದರು. ಧನರಾಜ್ ಲುಂಗಿ ಎತ್ತಿ ಕಟ್ಟಿ ಹತ್ತಿದ. ಇಂಜಿನ್ ಗುಡುಗಿತು. ಸೀಟಿನ ಮೇಲೆ ಅವನ ಗಲ್ಲ, ಭುಜ, ಜೇಬಿನ ಪೆನ್ನು ಎಲ್ಲ ಬೇರೆ ಬೇರೆಯಾಗಿ ಕುಣಿದವು. ಸಮತಟ್ಟಿನಲ್ಲಿ ಚೆನ್ನಾಗಿಯೇ ಹೋಯಿತು. ಅವನು ತಿರುಗಿ ತಂಗಿಯನ್ನು ನೋಡಿದ, "ಕಂಡ್ಯಾ?" ಎನ್ನುವ ಹಾಗೆ. ನೋಡುತ್ತ ನೋಡುತ್ತ ಗಾಡಿ ಏರು ಹತ್ತಿತು. ಮುಂದಿನ ಎರಡು ಸಣ್ಣ ಚಕ್ರಗಳು ಮೊದಲು ಹುಲ್ಲಿನಿಂದ ಒಂದು ಗೇಣು ಎದ್ದವು. ಆಮೇಲೆ ಎರಡು ಗೇಣು. ಬೀಳುತ್ತೇನೆಂಬ ಹೆದರಿಕೆಗೆ ಅವನು ಮುಂದಕ್ಕೆ ಬಾಗಿ ಲಿವರುಗಳನ್ನೇ ಅಪ್ಪಿ ಹಿಡಿದ. ಹಿಡಿದಷ್ಟೂ ಅವು ಮುಂದಕ್ಕೆ ಹೋದವು, ಗಾಡಿಯ ಮೂತಿ ಇನ್ನೂ ಮೇಲೆದ್ದಿತು.

"ಕೈ ಹಿಂದೆ ತಗೋ! ಎರಡೂ ಕೈ! ಏ ಅಂಡೆಪಿರ್ಕಿ, ಎರಡೂ!" ಎಂದು ಕಿರುಚುತ್ತ ಹರಿಣಾಕ್ಷಿ ಓಡಿದಳು. ಹೊಲಿಗೆಯ ನೆನಪಾಗಲೀ ವಾರ್ಡನ್ನರ ನೆನಪಾಗಲೀ ಇರಲಿಲ್ಲ. ಹಾರಿ ಮುಂದಿನ ಕಾಲಿಡುವ ತಗಡಿನ ಮೇಲೆ ಇಡೀ ಮೈಭಾರ ಹಾಕಿ ಜೋತುಬಿದ್ದಳು. ಗಾಡಿ ಧಡ್ ಎಂದು ಕೆಳಗೆ ಕೂತಿತು. ಅಣ್ಣ ಒಂದು ಲಿವರ್ ಮಾತ್ರ ಎಳೆದದ್ದರಿಂದ ಅದು ಅಡ್ಡ ತಿರುಗಿ, ಒದ್ದೆ ಹುಲ್ಲಿನಲ್ಲಿ ಇಬ್ಬರನ್ನೂ ಹೊತ್ತು ಜಾರಿ, ಮುರಕಲ್ಲಿನ ಗೋಡೆಗೆ ಒರಗಿ ನಿಂತಿತು. ಅವಳು ಕೈ ಚಾಚಿ ಕೀ ತಿರುಗಿಸಿ ಇಂಜಿನ್ ನಿಲ್ಲಿಸಿದಳು.

ಅಣ್ಣ ತಂಗಿ ಮುಖಾಮುಖಿಯಾಗಿ ಏದುಸಿರು ಬಿಟ್ಟರು. ಅವನ ತುಟಿ ಬಿಳಿಯಾಗಿತ್ತು. ಅವಳಿಗೆ ಅವನನ್ನು ತಬ್ಬಿಕೊಂಡು ಅಳಬೇಕೆನ್ನಿಸಿತು. ಅಷ್ಟರಲ್ಲಿ ಅವನು ಬಾಯಿ ತೆರೆದ.

"ವೆಲ್ಡಿಂಗ್ ಸರಿ ಆಗ್ಲಿಲ್ಲ ಅಂತ ಕಾಣ್ತದೆ."

ಅಳು ಅಲ್ಲಿಯೇ ಆರಿತು.

"ವೆಲ್ಡಿಂಗಾ? ವೆಲ್ಡಿಂಗಾ ಅಣ್ಣ? ನಿನ್ನ ಮಂಡೆ ಸಮ ಉಂಟಾ? ಈ ಸೀಟಿನಲ್ಲಿ ನಾನು ಇದ್ದಿದ್ರೆ ಮುಂದೆ ಬಂದು ಜೋತುಬೀಳ್ಲಿಕ್ಕೆ ಯಾರಿದ್ರು? ನೀನು ಫೋನಿನಲ್ಲಿ ಮಾತಾಡ್ತಾ ನಿಂತಿರ್ತಿದ್ದಿ. ಮನೆಯಲ್ಲಿ ಮಗು ಅಮ್ಮ ಬರ್ತಾಳೆ ಅಂತ ಬಾಗಿಲು ನೋಡ್ತಿರ್ತಿತ್ತು. ಕೇಳು, ಇವತ್ತಿನಿಂದ ಬುಕಿಂಗ್ ನನ್ನ ಫೋನಿಗೆ ಬರ್ಬೇಕು. ಇಂಜಿನ್ ನಾನು ಆರಿಸ್ತೇನೆ. ಆಗುವುದಿಲ್ಲ ಅಂದ್ರೆ ಗಾಡಿಯನ್ನು ಗರಗಸ ಹಾಕಿ ಎರಡು ಮಾಡುವಾ, ಹಿಂದಿನ ಅರ್ಧ ನೀನು ಇಟ್ಕೋ, ಭಾರ ಉಂಟಲ್ಲ!"

ವಾರ್ಡನ್ ಕೆಮ್ಮಿ, "ಹುಲ್ಲು ಆಮೇಲೆ ತೆಗೆದರೂ ಆಗ್ತದೆ," ಎಂದರು.

ಉಡುಪಿಯ ಇಂಜಿನ್ ಅಂಗಡಿಯ ಜೋಯ್‌ಸ್ಟನ್ ಅವಳನ್ನು ನೋಡಿದವನೇ ಅವಳ ಬೆನ್ನ ಹಿಂದೆ ಬಾಗಿಲಿನತ್ತ ಕಣ್ಣು ಹಾಯಿಸಿದ. "ಧನರಾಜಣ್ಣ ಬರ್ಲಿಲ್ವಾ?"

"ಧನರಾಜಣ್ಣನಿಗೆ ಸೊಂಟ ನೋವು. ಯಾಕೆ, ನನಗೆ ಕೊಡುವುದಿಲ್ವಾ?"

"ಅಯ್ಯೋ ಅಕ್ಕ, ಹಾಗಲ್ಲ. ಕೂತ್ಕೊಳ್ಳಿ."

ಕೂರಲಿಲ್ಲ. ಮೊದಲು ಅವನು ತೋರಿಸಿದ್ದು ಒಂಟಿ ಸಿಲಿಂಡರಿನದ್ದು, ಅಗ್ಗದ್ದು, ಮನೆಯಂಗಳಕ್ಕೆ ಸಾಕಾಗುವಂಥದ್ದು. ಇಡೀ ದಿನ ಏರಿನಲ್ಲಿ ಓಡಿಸಿದರೆ ಎಣ್ಣೆ ಎಲ್ಲ ಕಡೆಗೂ ಹೋಗ್ತದಾ ಎಂದು ಅವಳು ಕೇಳಿದಳು. ಜೋಯ್‌ಸ್ಟನ್ ತಲೆ ಕೆರೆದುಕೊಂಡು ಎರಡು ಸಿಲಿಂಡರಿನ ಇನ್ನೊಂದನ್ನು ಎಳೆದು ತಂದ. ಶಾಫ್ಟ್ ಕೆಳಮುಖ, ಎಣ್ಣೆಯನ್ನು ಪಂಪಿನಿಂದ ಒತ್ತಿ ಕಳಿಸುವಂಥದ್ದು, ದೊಡ್ಡ ಏರ್ ಫಿಲ್ಟರ್. ಪಕ್ಕದಲ್ಲಿ ಅದಕ್ಕಿಂತ ಜಾಸ್ತಿ ಶಕ್ತಿಯದ್ದೂ ಇತ್ತು. ಅವಳಿಗೆ ಆಸೆಯಾಗದೆ ಇರಲಿಲ್ಲ.

"ಅದು ಬೇಡ ಅಕ್ಕ. ನಿಮ್ಮ ಗಾಡಿಯ ಪಂಪು, ಬೆಲ್ಟು ಅಷ್ಟು ತಡಿಯುವುದಿಲ್ಲ. ಡೀಸೆಲಿನ ಝೀರೋ ಟರ್ನ್ ಕೂಡ ಉಂಟು, ಆದರೆ ಅದರ ಚಾಸಿಸ್ಸೇ ಬೇರೆ, ಮೊದಲೇ ಆ ಭಾರಕ್ಕೆ ಅಂತ ಮಾಡಿದ್ದು."

"ಅದನ್ನು ನಮ್ಮಣ್ಣನಿಗೆ ಹೇಳಿ."

"ಹೇಳಿದ್ದೆ. 'ನೀನು ಬೋಟು ಕಂಡಿದ್ದಿಯಾ?' ಅಂತ ಕೇಳಿ ಹೋದ್ರು."

ಹರಿಣಾಕ್ಷಿಗೆ ಹೊಸದಾಗಿ ಸಿಟ್ಟು ಬಂತು. ಹಾಗಾದರೆ ಅಣ್ಣ ಇಲ್ಲಿಗೂ ಬಂದಿದ್ದ! ಗೊತ್ತಿದ್ದೂ ಡೀಸೆಲ್ ತಂದಿದ್ದ. ಜಾಲರಿ ಬಿಚ್ಚಲು ಎಷ್ಟು ಸ್ಕ್ರೂ, ಬಿಡಿಭಾಗ ಉಡುಪಿಯಲ್ಲೇ ಸಿಗುತ್ತದೆಯೇ ಅಥವಾ ಕೊಯಮತ್ತೂರಿಗೆ ಬರೆದು ಕಾಯಬೇಕೇ ಎಂದು ಅವಳು ಹಲ್ಲು ಕಚ್ಚಿಕೊಂಡೇ ಕೇಳಿದಳು. ಪಾಪದ ಜೋಯ್‌ಸ್ಟನ್ ತಾನೇನು ತಪ್ಪು ಮಾಡಿದೆನೆಂದು ತಿಳಿಯದೆ ಇನ್ನಷ್ಟು ವಿನಯದಿಂದ ಉತ್ತರಿಸಿದ. ಕಡೆಗೆ ಅವಳು, "ಸ್ಟಾರ್ಟ್ ಮಾಡಿ," ಎಂದಳು. ಎರಡು ಸಿಲಿಂಡರಿನದ್ದು ಶುರುವಾದಾಗ ಅದರ ಮೇಲೆ ಅಂಗೈ ಇಟ್ಟು, ಆ ನಡುಕ ತನ್ನ ತೋಳಿನಲ್ಲಿ ಎಲ್ಲಿಯವರೆಗೆ ಹತ್ತುತ್ತದೆಂದು ನೋಡಿದಳು. ಮಣಿಕಟ್ಟಿನಲ್ಲೇ ನಿಂತಿತು.

"ಇದೇ," ಎಂದಳು.

ಡೀಸೆಲ್ ಮಲ್ಪೆಗೆ ಹಿಂದೆ ಹೋಯಿತು. ಮ್ಯಾಕ್ಸಿಮ್ ಏನೆಂದ, ಧನರಾಜ್ ಏನೆಂದ ಎಂದು ಅವಳು ಕೇಳಲಿಲ್ಲ. ಹೊಸ ಇಂಜಿನ್ ಬಂದ ದಿನ ಧನರಾಜ್ ಸ್ಪ್ಯಾನರ್ ಚೀಲ ಬಿಚ್ಚಿದ. ತಾನು ವೆಲ್ಡ್ ಮಾಡಿದ್ದನ್ನೆಲ್ಲ ತಾನೇ ಕತ್ತರಿಸಿ ತೆಗೆದು, ಬೋಲ್ಟಿಗೆ ಬೋಲ್ಟು ಕೂರಿಸಿ ಬಿಗಿದ. ಕೆಲಸದಲ್ಲಿ ಒಂದು ಕುಂದು ಹೇಳುವಂತಿರಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು: ಇಷ್ಟು ಚೆಂದ ಮಾಡಲು ಬರುವವನಿಗೆ ಒಂದು ಮಾತು ಕೇಳಲು ಬರುವುದಿಲ್ಲವೇ?

ಸಂಜೆ ಕೆಲಸ ಮುಗಿಸಿ ಅವನು ಕೈ ಒರಸಿಕೊಂಡು, ರಿಪೇರಿಯವನ ಅಭ್ಯಾಸದಂತೆ ತಾನೇ ಸೀಟಿನ ಮೇಲೆ ಕೂತು ಕೀಯ ಕಡೆ ಕೈ ನೀಡಿದ.

"ಇಳಿ," ಎಂದಳು ಹರಿಣಾಕ್ಷಿ.

"ಸ್ಟಾರ್ಟ್ ಆಗ್ತದಾ ನೋಡುವುದು ಮಾರಾಯ್ತಿ, ಅಷ್ಟೇ."

"ಗೊತ್ತುಂಟು. ಇಳಿ ಅಣ್ಣ."

ಅವನು ಅವಳನ್ನು ನೋಡಿದ, ಜಗಲಿಯಲ್ಲಿ ಮಗುವನ್ನು ಎತ್ತಿಕೊಂಡು ನಿಂತ ಅಮ್ಮನನ್ನು ನೋಡಿದ. ಯಾರೂ ನಗಲಿಲ್ಲ, ಯಾರೂ ಅವನ ಸಹಾಯಕ್ಕೆ ಬರಲಿಲ್ಲ. ಗೊಣಗುತ್ತ ಇಳಿದು ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಹರಿಣಾಕ್ಷಿ ಚೂಡಿದಾರದ ಶಾಲು ಬಿಗಿಯಾಗಿ ಕಟ್ಟಿಕೊಂಡು ಹತ್ತಿ ಕೂತಳು.